ಹದಿನೆಂಟು ಕುರಿಗಳ ತಕರಾರು

ತ್ರಿವೇಣಿಗೆ ಹೆದರಿಕೆಯ ಕೊರತೆ ಎಂದೂ ಬಿದ್ದಿರಲಿಲ್ಲ. ಹಿಂದವಾಡಿಯ ಬಾಡಿಗೆ ಮನೆಯ ಗೋಡೆಯ ಮೇಲಿನ ಹಲ್ಲಿಯಿಂದ ಹಿಡಿದು ಹೆಡ್‌ಮಾಸ್ತರರ ಕೆಮ್ಮಿನ ತನಕ, ಹದಿನಾಲ್ಕು ವರ್ಷದ ಹುಡುಗಿ ಎಷ್ಟಕ್ಕೆ ಹೆದರಬಹುದೋ ಅದಕ್ಕಿಂತ ಒಂದು ಹಿಡಿ ಹೆಚ್ಚಿಗೇ ಹೆದರುತ್ತಿದ್ದಳು. ಆದರೆ ಅವೆಲ್ಲ ಚಿಲ್ಲರೆ ಹೆದರಿಕೆಗಳು. ಠೋಕ್, ಅಂದರೆ ಸಗಟು ಹೆದರಿಕೆ ಎಂದರೇನೆಂದು ಆಕೆಗೆ ಗೊತ್ತಾದದ್ದು ಒಂಬತ್ತನೆಯ ಇಯತ್ತೆಯ ಪ್ರಾಜೆಕ್ಟ್ ಪ್ರದರ್ಶನದ ದಿನ. ಅಂದು ವಿಜ್ಞಾನದ ಮಹಾವೀರ ಸರ್ ಆಕೆಯ ಎರಡು ಫೈಲುಗಳನ್ನು ಎರಡು ಕೈಯಲ್ಲಿ ಹಿಡಿದು, ತಕ್ಕಡಿಯ ಹಾಗೆ ತೂಗುತ್ತ ನಿಂತಿದ್ದರು.

ಆ ಶಾಲೆಯಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಪ್ರಾಜೆಕ್ಟ್ ಮಾಡಬೇಕಿತ್ತು. ವಿಜ್ಞಾನಕ್ಕೊಂದು, ಸಮಾಜಕ್ಕೊಂದು. ‘ಮಾಡಬೇಕು’ ಎಂಬ ಮಾತನ್ನು ಬಹಳ ಮಂದಿ ‘ತರಬೇಕು’ ಎಂದು ತಿಳಿದಿದ್ದರು. ಬಾಜೂಕ್ಕೆ ಕೂಡುವ ಸೃಷ್ಟಿಯ ಥರ್ಮಾಕೋಲ್ ಹೃದಯ ಸ್ಟೇಶನರಿ ಅಂಗಡಿಯಿಂದ ಬಂದದ್ದು. ಬಟನ್ ಒತ್ತಿದರೆ ಕೆಂಪು ದೀಪ ಮಿನುಗುತ್ತಿತ್ತು. ಅದು ಹಿಂದಿನ ವರ್ಷ ಇನ್ನೊಬ್ಬ ಹುಡುಗಿಯ ಹೆಸರಿನಲ್ಲಿ, ಅದರ ಹಿಂದಿನ ವರ್ಷ ಮತ್ತೊಬ್ಬ ಹುಡುಗನ ಹೆಸರಿನಲ್ಲಿ ಬಡಿದುಕೊಂಡಿತ್ತು. ಎರಡೂ ಪ್ರಾಜೆಕ್ಟುಗಳ ಕೊನೆಗೆ ‘ನನ್ನ ಅನಿಸಿಕೆ’ ಎಂಬ ಒಂದು ಪುಟ ಕಡ್ಡಾಯ. ಇಡೀ ವರ್ಗದ ಅನಿಸಿಕೆ ಒಂದೇ ಆಗಿತ್ತು: ‘ಈ ಪ್ರಾಜೆಕ್ಟಿನಿಂದ ನನಗೆ ಬಹಳಷ್ಟು ಜ್ಞಾನ ದೊರೆಯಿತು. ಇಂಥ ಅವಕಾಶ ಕಲ್ಪಿಸಿದ ಗುರುಗಳಿಗೆ ವಂದನೆಗಳು.’ ಇದು ಸೃಷ್ಟಿಯ ಅಕ್ಕನ ಕಾಲದಿಂದ ನಡೆದು ಬಂದ ಅನಿಸಿಕೆ. ಅದನ್ನು ಬದಲಿಸುವ ಧೈರ್ಯ ಯಾರಿಗೂ ಇರಲಿಲ್ಲ, ತ್ರಿವೇಣಿಗಂತೂ ಇರಲೇ ಇಲ್ಲ.

ಆದರೆ ಆಕೆಯ ಪ್ರಾಜೆಕ್ಟುಗಳು ಮಾತ್ರ ಖರೇ ಆಕೆಯವೇ. ಅದೇ ಕುತ್ತಿಗೆಗೆ ಬಂತು.

ಆಕೆಯ ಅಪ್ಪ ಸೋಮಲಿಂಗ ಬೆಳಗಾವಿಯಲ್ಲಿ ಬಸ್ ಕಂಡಕ್ಟರ್. ಅಜ್ಜ ಮಾಯಪ್ಪ ಮತ್ತು ಅಜ್ಜಿ ರೇಣವ್ವ ಖಾನಾಪುರದ ಹೊರಗೆ, ಮೂಡಣ ಬಾಜೂಕ್ಕೆ, ಕುರಿ ಇಟ್ಟುಕೊಂಡು ಇದ್ದರು. ದಸರಾ ಸೂಟಿಯಲ್ಲಿ ತ್ರಿವೇಣಿ ಅಲ್ಲಿಗೆ ಹೋಗಿ, ಹದಿನಾಲ್ಕು ದಿನ ಕುರಿ ನೀರು ಕುಡಿಯುವ ಕಲ್ಲಿನ ದೋಣಿಗೆ ಕೊಡದಿಂದ ಅಳೆದು ಅಳೆದು ನೀರು ಸುರಿದಳು. ಒಂದು ಕುರಿ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂಬುದು ವಿಜ್ಞಾನದ ಪ್ರಾಜೆಕ್ಟು. ನೀರಿನ ಸರಾಸರಿ ನೂರಾ ಎಪ್ಪತ್ತೆರಡು ಲೀಟರ್ ಬಂತು. ಅದನ್ನು ಕುರಿಗಳ ಸಂಖ್ಯೆಯಿಂದ ಭಾಗಿಸಬೇಕು. ದೊಡ್ಡಿಯ ಮುಂದೆ ನಿಂತು ಬೆರಳು ಮಾಡಿ ಎಣಿಸಲು ಹೋದಾಗ ಅಜ್ಜಿ ಆಕೆಯ ಕೈಗೆ ಫಟ್ಟನೆ ಹೊಡೆದಿದ್ದಳು. “ಬೆರಳ ಮಾಡಬ್ಯಾಡ! ಜೀವ ಇರೂವಕ್ಕ ಲೆಕ್ಕ ಹಚ್ಚತಾರೇನ?” ಕೊನೆಗೆ ಅಜ್ಜನನ್ನೇ ಕೇಳಿದಳು. ಅಜ್ಜ ಆಕಾಶ ನೋಡಿ, “ನಲವತ್ಮೂರ ಬರಕೋ” ಎಂದ. ನೂರಾ ಎಪ್ಪತ್ತೆರಡನ್ನು ನಲವತ್ತಮೂರರಿಂದ ಭಾಗಿಸಿದರೆ ಸರಿಯಾಗಿ ನಾಲ್ಕು. ಅಷ್ಟು ಚೊಕ್ಕಟ ಉತ್ತರ ಬಂದಾಗಲೇ ಆಕೆ ಸಂಶಯ ಪಡಬೇಕಿತ್ತು.

ಎರಡು ತಿಂಗಳ ಮೇಲೆ ಸಮಾಜದ ಪ್ರಾಜೆಕ್ಟು. ವಿಷಯ: ನಮ್ಮ ಮನೆತನದ ಕಸುಬು, ಅಂದು ಮತ್ತು ಇಂದು. ಆಗ ಫೋನಿನಲ್ಲಿ ಕೇಳಿದರೆ ಅಜ್ಜ, “ಅರವತ್ತೊಂದ” ಎಂದ. ಹಿಂದಿನ ಸಂಖ್ಯೆ ಆಕೆಗೆ ನೆನಪಾದದ್ದು ಫೈಲು ಒಪ್ಪಿಸುವ ದಿನ ಮುಂಜಾನೆ, ಕೆಂಪು ಸ್ಕೆಚ್ ಪೆನ್ನಿನಿಂದ ಅಡಿಗೆರೆ ಎಳೆಯುವಾಗ. ಗೆರೆ ಅರ್ಧಕ್ಕೇ ನಿಂತಿತು. ಆದರೂ ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ವಿಜ್ಞಾನದ ಸರ್ ಸಮಾಜ ಓದುವುದಿಲ್ಲ, ಸಮಾಜದ ಟೀಚರ್ ವಿಜ್ಞಾನ ಓದುವುದಿಲ್ಲ. ಈ ಭರವಸೆಯ ಮೇಲೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ನಡೆದಿರುವಾಗ ತ್ರಿವೇಣಿ ನಂಬಿದ್ದರಲ್ಲಿ ತಪ್ಪೇನಿಲ್ಲ.

ಆಕೆಯ ದುರ್ದೈವ, ಆ ವರ್ಷ ಎರಡೂ ಪ್ರದರ್ಶನಗಳನ್ನು ಒಂದೇ ಹಾಲಿನಲ್ಲಿ, ಒಂದೇ ಟೇಬಲಿನ ಮೇಲೆ ಇಡಿಸಿದ್ದರು.

ಮಹಾವೀರ ಸರ್ ಶಾಲೆಯ ವಿಜ್ಞಾನ ಸಂಘದ ಸಂಸ್ಥಾಪಕರು, ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಬಹಳ ಮಟ್ಟಿಗೆ ಸದಸ್ಯರು. ಅವರ ಶರ್ಟಿನ ಜೇಬಿನಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ರಬ್ಬರ್ ಠಸೆ ಸದಾ ಇರುತ್ತಿತ್ತು. ಸ್ವಂತ ಖರ್ಚಿನಲ್ಲಿ ಮಾಡಿಸಿದ್ದು. ಡಬ್ಬಿಯ ಊಟದ ಮೇಲೂ ಅದನ್ನು ಒತ್ತಿಯೇ ತಿನ್ನುತ್ತಾರೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ತ್ರಿವೇಣಿಯ ಫೈಲಿನ ಮೇಲೆ ಆ ಠಸೆ ಅರ್ಧ ಇಳಿದು ಗಾಳಿಯಲ್ಲಿ ನಿಂತಿತು.

“ಏ ತ್ರಿವೇಣಿ, ಇಲ್ಲಿ ಬಾ. ವಿಜ್ಞಾನದಾಗ ನಲವತ್ಮೂರ ಕುರಿ. ಸಮಾಜದಾಗ ಅರವತ್ತೊಂದ. ಹದಿನೆಂಟ ಕುರಿ ಎಲ್ಲಿ ಹೋದ್ವು?”

ತ್ರಿವೇಣಿ ಟೇಬಲಿನ ಅಂಚು ಹಿಡಿದುಕೊಂಡಳು.

“ಸಮಾಜಕ್ಕ ಬಂದ ಕುರಿ ವಿಜ್ಞಾನಕ್ಕ ಯಾಕ ಬರಲಿಲ್ಲ? ನೀರಡಿಕಿ ಆಗಿರಲಿಲ್ಲೇನ ಅವಕ್ಕ?”

ಸುತ್ತಲಿದ್ದವರು ನಕ್ಕರು. ಸಮಾಜದ ರತ್ನಮಾಲಾ ಟೀಚರ್ ಬಂದು, “ಸಣ್ಣ ಹುಡುಗಿ ಬಿಡ್ರಿ ಸರ್, ಮಧ್ಯದಾಗ ಮರಿ ಹಾಕಿರಬೇಕು” ಎಂದರು.

“ಎರಡ ತಿಂಗಳದಾಗ ಹದಿನೆಂಟ? ಅಂಕಿ ಅಂದ್ರ ಅಂಕಿ, ಟೀಚರ್. ಅಂಕಿ ಸುಳ್ಳಾದ್ರ ಆ ನಾಕ ಲೀಟರ ಸುಳ್ಳ. ಅರವತ್ತೊಂದು ಹಿಡದ್ರ ಮೂರ ಲೀಟರೂ ಆಗಂಗಿಲ್ಲ. ಇದನ್ನ ನಾ ಜಿಲ್ಲಾ ಪ್ರದರ್ಶನಕ್ಕ ಆರಿಸಿದ್ದೆ!” ಎಂದು ಸರ್, ಮೋಸ ಹೋದವರ ದನಿಯಲ್ಲಿ ಹೇಳಿದರು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ತೀರ್ಪು ಕೊಟ್ಟರು: “ಈ ಆಯಿತವಾರ ಸ್ಥಳ ಪರಿಶೀಲನೆ. ನಾನ ಸ್ವತಃ ಖಾನಾಪುರಕ್ಕ ಬಂದ ಎಣಸ್ತೀನಿ. ನಿನ್ನ ಒಂದರೆ ಅಂಕಿ ಖರೇ ಆತೋ, ಚಲೋ. ಇಲ್ಲಾಂದ್ರ ಸೋಮವಾರ ಪ್ರಾರ್ಥನಾದಾಗ ಮೈಕ್ ಮುಂದ ನಿಂತು ‘ನಾ ಸುಳ್ಳ ಅಂಕಿ ಬರದೆ, ಕ್ಷಮಾ ಮಾಡ್ರಿ’ ಅಂತ ಓದಬೇಕು.”

ಆರುನೂರು ಮಕ್ಕಳ ಮುಂದೆ ಮೈಕು! ಆದರೆ ತ್ರಿವೇಣಿಯನ್ನು ಹಿಂಡಿದ್ದು ಮೈಕಿನ ಮಾತಲ್ಲ. ‘ಎಣಸ್ತೀನಿ’ ಎಂಬ ಮಾತು.

ಅದಕ್ಕೊಂದು ಕಾರಣವಿತ್ತು. ಯಾರಿಗೂ ಹೇಳಿರದ ಕಾರಣ.

ಆರನೆಯ ಇಯತ್ತೆಯಲ್ಲಿದ್ದಾಗ ಒಂದು ಮಳೆಗಾಲ, ಅಜ್ಜ ಅಜ್ಜಿ ಇಬ್ಬರೂ ಇಲ್ಲದ ಹೊತ್ತು ನೋಡಿ, ತ್ರಿವೇಣಿ ಮರಿಗಳನ್ನು ಒಂದೊಂದಾಗಿ ಮೂಗು ಮುಟ್ಟಿ ಎಣಿಸಿದ್ದಳು. ಬಾಯಿಬಿಟ್ಟು, ರಾಗ ಹಾಕಿ. ಹದಿನೇಳು. ಹದಿನೇಳನೆಯದಕ್ಕೆ ಹಣೆಯ ಮೇಲೆ ಬಿಳಿ ಬೊಟ್ಟು. ಮೂರನೆಯ ದಿನ ಮುಂಜಾನೆ ಆ ಬಿಳಿ ಬೊಟ್ಟಿನ ಮರಿ ಕಾಲು ಚಾಚಿ ಬಿದ್ದಿತ್ತು. “ಮಳಿಗಾಲ, ಥಂಡಿ ಹತ್ತಿರತೈತಿ” ಎಂದು ಅಜ್ಜ ಅದನ್ನು ಬೇಲಿಯ ಆಚೆ ಹೂಳಿ ಬಂದ. ತ್ರಿವೇಣಿ ಮಾತ್ರ ಅಂದಿನಿಂದ ತಾನೇ ಕೊಂದವಳೆಂದು ತಿಳಿದಿದ್ದಳು. ಒಂಬತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ಮರಿಗಳಿಗೆ ಪುಪ್ಪುಸದ ರೋಗ ಹೇಗೆ ತಗಲುತ್ತದೆ ಎಂಬುದನ್ನು ಚಿತ್ರಸಹಿತ ವಿವರಿಸಬಲ್ಲವಳಾಗಿದ್ದಳು. ಆದರೆ ಆಕೆ ಮುಂದಿನ ಇಯತ್ತೆಗೆ ಪಾಸಾದಷ್ಟು ಸಲೀಸಾಗಿ ಆಕೆಯ ಹೆದರಿಕೆ ಪಾಸಾಗಿರಲಿಲ್ಲ. ಅದು ಇನ್ನೂ ಆರನೆಯದರಲ್ಲೇ ಕೂತಿತ್ತು.

ಸಂಜೆ ಅಪ್ಪ ಡ್ಯೂಟಿಯಿಂದ ಬಂದು ಚಹಾ ಕುಡಿಯುವಾಗ ಸುದ್ದಿ ಹೇಳಿದಳು. ಮರಿಯ ಸುದ್ದಿಯೊಂದನ್ನು ಬಿಟ್ಟು.

“ನಮ್ಮಪ್ಪನ್ನ ಕೇಳಿ ಬರದೀಯೇನ?” ಎಂದು ಸೋಮಲಿಂಗ ಹಣೆ ಚಚ್ಚಿಕೊಂಡ. “ಕುರಿ ಲೆಕ್ಕ ಯಾರಿಗರೆ ಖರೇ ಹೇಳ್ಯಾನೇನ ಅಂವ? ಖರೇ ಹೇಳಿದ್ರ ಕಣ್ಣ ಬಡೀತಾವಂತ. ಒಬ್ಬೊಬ್ಬರಿಗೆ ಒಂದೊಂದ ಹೇಳತಾನ. ಲಸಿ ಹಾಕೂ ಡಾಕ್ಟರ ಬಂದ್ರ ನಲವತ್ತ ಅಂತಾನ. ಡಾಕ್ಟರೂ ಪಕ್ಕಾ ಆಗ್ಯಾರ, ಎಂಬತ್ತಕ್ಕ ಆಗೂವಷ್ಟ ಲಸಿ ತರತಾರ.”

“ಮತ್ತ ಖರೇ ಎಷ್ಟ ಅದಾವಪ್ಪಾ?”

ಸೋಮಲಿಂಗ ಬಸ್ಸಿನಲ್ಲಿ ದಿನಕ್ಕೆ ಎಂಟು ಸಲ ಐವತ್ತೈದು ತಲೆ ಎಣಿಸುವ ಮನುಷ್ಯ; ಎಣಿಸಿದ್ದಕ್ಕೆ ಈವರೆಗೆ ಒಬ್ಬ ಪ್ರಯಾಣಿಕನಿಗೂ ಜ್ವರ ಬಂದಿರಲಿಲ್ಲ. ಆದರೂ ಆತ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ನಂಗೇನ ಗೊತ್ತವಾ? ನಾ ಎಂದೂ ಕೇಳಿಲ್ಲ.”

ಫೋನು ಹಚ್ಚಿದರೆ ಅಜ್ಜ ಮೊದಲು ಕೇಳಿದ್ದು, “ಯಾರ ಕೇಳಾಕತ್ತಾರ? ಸರಕಾರದವ್ರೇನ?”

“ಅಲ್ಲಜ್ಜಾ, ನಮ್ಮ ಸಾಲಿ ಸರ್.”

“ಮಾಸ್ತರ್ರಾದ್ರ ಐವತ್ತೆರಡ ಅಂತ ಹೇಳು.”

ತ್ರಿವೇಣಿಗೆ ಅಳುವೇ ಬಂತು. ಆಯಿತವಾರ ಬರುವ ತನಕ ಆಕೆ ಉಂಡದ್ದು ಮೈಗೆ ಹತ್ತಲಿಲ್ಲ. ಗಣಿತದ ತಾಸಿನಲ್ಲಿ ಸಂಖ್ಯೆಗಳು ನಾಲ್ಕು ಕಾಲು ಮೂಡಿಸಿಕೊಂಡು ಓಡಾಡಿದವು. ಸರ್ ಎಣಿಸದೇ ಹೋದರೆ ತಾನು ಸುಳ್ಳುಗಾರ್ತಿ. ಎಣಿಸಿದರೆ ಯಾವ ಕುರಿ, ಯಾವ ಮರಿ? ಹಾಜರಿ ಕರೆಯುವಾಗ ತನ್ನ ನಂಬರು ಹದಿನೇಳು ಎಂಬುದು ಆಕೆಗೆ ಮೊದಲ ಬಾರಿ ಕೇಳಿಸಿತು.

ಆಯಿತವಾರ ರತ್ನಮಾಲಾ ಟೀಚರ್ ಆಕೆಯ ಜೊತೆ ಬಸ್ಸಿನಲ್ಲಿ ಬಂದರು. ಅವರಿಗೆ ಹಳ್ಳಿಯಲ್ಲಿ ಕಂಡದ್ದೆಲ್ಲ ಸಂಸ್ಕೃತಿ. ಬಸ್ಸಿಳಿದದ್ದೇ ಫೋನು ತೆಗೆದು ಬೇಲಿ, ಬೀಸುವ ಕಲ್ಲು, ಬೀಡಿ ಸೇದುತ್ತಿದ್ದ ಮುದುಕ, ಎಲ್ಲವನ್ನೂ ದಾಖಲು ಮಾಡತೊಡಗಿದರು. ಮಹಾವೀರ ಸರ್ ಸ್ಕೂಟರಿನ ಮೇಲೆ ಆಗಲೇ ಬಂದಿಳಿದಿದ್ದರು. ತಲೆಗೆ ಹ್ಯಾಟು, ಕೊರಳಿಗೆ ಸೀಟಿ, ಕೈಯಲ್ಲಿ ರಟ್ಟಿಗೆ ಕ್ಲಿಪ್ ಹಾಕಿದ ಹಾಳೆ. ಜೇಬಿನಲ್ಲಿ ಠಸೆ. ಹುಲಿ ಗಣತಿಗೆ ಬಂದವರೂ ಇಷ್ಟು ತಯಾರಿ ಮಾಡಿಕೊಂಡಿರಲಿಕ್ಕಿಲ್ಲ.

“ಬರ್ರಿ ಸರ್, ಬರ್ರೀ ಬಾಯಾರ, ಕುಂದರ್ರಿ” ಎಂದು ಮಾಯಪ್ಪ ಕಂಬಳಿ ಹಾಸಿದ. ರೇಣವ್ವ ಅವಲಕ್ಕಿ ತಂದಿಟ್ಟಳು. “ಚಾ ಅಷ್ಟ ಸಾಕ್ರಿ” ಎಂದು ಸರ್ ಕೆಲಸಕ್ಕೇ ಇಳಿದರು. “ಅಜ್ಜಾರ, ಮೊದಲ ಬಾಯಿಲೆ ಹೇಳ್ರಿ. ಒಟ್ಟ ಕುರಿ ಎಷ್ಟ?”

ಮಾಯಪ್ಪ ಆಕಾಶ ನೋಡಿದ. ತ್ರಿವೇಣಿ ಮನಸ್ಸಿನಲ್ಲಿಯೇ ಮನೆದೇವರು ಬೀರಪ್ಪನಿಗೆ ಕೈಮುಗಿದಳು: ನಲವತ್ತಮೂರು ಅನ್ನಲಿ, ಇಲ್ಲ ಅರವತ್ತೊಂದಾದರೂ ಅನ್ನಲಿ.

“ಮೂವತ್ತೇಳ ಅದಾವ್ರಿ.”

ಸರ್ ಬರೆದುಕೊಂಡರು. ಬರೆದ ಮೇಲೆ ತ್ರಿವೇಣಿಯನ್ನು ನೋಡಿದ ಆ ನೋಟದಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. ಕಳ್ಳನ ಹೆಜ್ಜೆ ಸಿಕ್ಕ ಪೋಲೀಸನ ಸಮಾಧಾನ. “ಅಜ್ಜಾರ, ದಿನಾ ಸಂಜಿಕ ಎಲ್ಲಾ ಬಂದಾವೋ ಇಲ್ಲೋ ಅಂತ ಎಣಸ್ದ ಹೆಂಗ ತಿಳಕೋತೀರಿ?”

“ಎಣಸೂದ್ಯಾಕ್ರಿ? ನಿಮ್ಮ ಮನ್ಯಾಗ ಉಣ್ಣಾಕ ಕುಂತಾಗ ಮಂದೀನ್ನ ಎಣಸ್ತೀರೇನ? ಯಾರ ಬಂದಿಲ್ಲಂತ ಮಾರಿ ನೋಡಿದ್ರ ಗೊತ್ತಾಕ್ಕೈತಿ.”

“ಆಹಾ!” ಎಂದರು ರತ್ನಮಾಲಾ ಟೀಚರ್, ಫೋನು ಹತ್ತಿರ ಒಯ್ದು. “ಇನ್ನೊಮ್ಮೆ ಹೇಳ್ರಿ ಅಜ್ಜಾರ, ಬಿಸಲಿನ ಕಡೆ ಮಾರಿ ಮಾಡಿ.”

ಸರ್‌ಗೆ ಇದು ರುಚಿಸಲಿಲ್ಲ. ಎದ್ದು ನಿಂತು ದೊಡ್ಡಿಯ ತಟ್ಟಿಬಾಗಿಲ ಕಡೆ ನಡೆದರು. “ತಟ್ಟಿ ಸ್ವಲ್ಪ ಸರಿಸ್ರಿ. ಒಂದೊಂದ ಹೊರಗ ಬಿಡ್ರಿ. ನಾ ಎಣಸ್ತೀನಿ.”

ರೇಣವ್ವ ತಂದ ಚಹಾದ ಬಟ್ಟಲನ್ನು ಕಂಬಳಿಯ ಮೇಲೆ ಇಟ್ಟುಬಿಟ್ಟಳು. ಮಾಯಪ್ಪನ ಮುಖದ ಮೇಲಿದ್ದ ನಗೆ ಎಲ್ಲಿಯೋ ಹೋಯಿತು. ಮನೆಗೆ ಬಂದ ಅತಿಥಿ, ಅದರಲ್ಲೂ ಮಾಸ್ತರು. ಬೇಡ ಎನ್ನುವುದು ಆತನ ಬಾಯಿಗೆ ಬರುವ ಮಾತಲ್ಲ. ಆತ ಮೊಮ್ಮಗಳ ಕಡೆ ತಿರುಗಿದ.

“ಇದು ನಿನ್ನ ಸಾಲಿ ಕೆಲಸಕ್ಕ ಬೇಕಾಗೇತೇನವಾ?”

ಹೂಂ ಎನ್ನಬಾರದಿತ್ತು. ಆದರೆ ತ್ರಿವೇಣಿಯ ತಲೆ ತಾನೇ ಅಲ್ಲಾಡಿತು.

“ಹಂಗಾರ ಎಣಸ್ಲಿ” ಎಂದ ಮಾಯಪ್ಪ. ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಒಂದು ಕುರಿ ನುಸುಳುವಷ್ಟು ತಟ್ಟಿ ಸರಿಸಿ, ತನ್ನ ಮುಖವನ್ನು ಅತ್ತ ಗುಡ್ಡದ ಕಡೆ ಮಾಡಿ ನಿಂತ, ಸುಣ್ಣ ಬಳಿದ ಗೋಡೆಯ ಹಾಗೆ. ಅಜ್ಜಿ ಸೆರಗು ಕಿವಿಗೆ ಒತ್ತಿಕೊಂಡು ಒಳಗೆ ಹೋದಳು. ತ್ರಿವೇಣಿ ಅಂಥ ಅಜ್ಜನನ್ನು ಎಂದೂ ಕಂಡಿರಲಿಲ್ಲ. ಆಕೆಯ ಮೈಕಿನ ಹೆದರಿಕೆ ಬಿಡಿಸಲು ತನ್ನ ಜೀವಮಾನದ ಹೆದರಿಕೆಯನ್ನು ತಟ್ಟಿ ತೆಗೆದು ಹೊರಗೆ ಬಿಡುತ್ತಿದ್ದಾನೆ ಮುದುಕ ಎಂದು ಆಕೆಗೆ ಅರಿವಾಯಿತು.

ಸರ್ ಗಂಟಲು ಸರಿಮಾಡಿಕೊಂಡು, ಪೆನ್ಸಿಲು ಎತ್ತಿ, ಶುರು ಮಾಡಿದರು. ದನಿಯಲ್ಲಿ ಒಂದು ತೂಗು ಇತ್ತು, ಬಹಳ ಹಳೆಯದು.

“ಲಾಭ… ಎರಡ… ಮೂರ… ನಾಕ…”

ಗುಡ್ಡದ ಕಡೆ ಮುಖ ಮಾಡಿದ್ದ ಮಾಯಪ್ಪ ಗಕ್ಕನೆ ಹಿಂದಿರುಗಿ ನೋಡಿದ.

ತ್ರಿವೇಣಿಗೆ ಅದೇನೂ ಕಾಣಲಿಲ್ಲ. ಆಕೆಗೆ ಕಂಡದ್ದು ತಟ್ಟಿಯ ಸಂದಿಯಿಂದ ಹೊರಬರುತ್ತಿದ್ದ ಮೂಗುಗಳು, ಕಿವಿಗಳು. ಎಂಟು, ಒಂಬತ್ತು. ಕುಂಟುವ ಕರಿ ಕುರಿ ಹತ್ತು. ಗಬ್ಬವಿದ್ದ ಕೆಂಚಿ ಹನ್ನೆರಡು. ಒಳಗಿನದೂ ಲೆಕ್ಕಕ್ಕೆ ಬಂತೇನೋ. ಹದಿಮೂರು. ಹದಿನೈದು. ಸಂದಿಯ ಆಚೆ ಒಂದು ಮರಿ ಸರದಿ ಕಾಯುತ್ತ ನಿಂತಿತ್ತು, ತಾಯಿಯ ಹಿಂದೆ. ತಾಯಿ ಹೊರಬಂತು.

“ಹದಿನಾರ…”

“ಬ್ಯಾಡ್ರಿ ಸರ್!” ಆ ಕೂಗು ತನ್ನದೆಂದು ತ್ರಿವೇಣಿಗೇ ಗೊತ್ತಾಗಲಿಲ್ಲ. “ಎಣಸಬ್ಯಾಡ್ರಿ! ನಾನ ಸುಳ್ಳ ಬರದೀನ್ರಿ! ಅಜ್ಜಾ ಏನೂ ಹೇಳಿಲ್ಲ, ನೀರೂ ಅಳದಿಲ್ಲ, ಎಲ್ಲಾ ನಾನ ಕುಂತ ಬರದದ್ದು! ಮೈಕ್‌ನ್ಯಾಗ ಓದತೀನ್ರಿ, ಎಷ್ಟ ಸಲ ಬೇಕಾದ್ರೂ ಓದತೀನಿ, ಎಣಸಬ್ಯಾಡ್ರಿ!”

ಕುರಿಗಳು ಬೆದರಿದವು. ಒಂದು ಕುರಿ ಬೆದರಿದರೆ ಮಿಕ್ಕವು ಕಾರಣ ಕೇಳುವುದಿಲ್ಲ. ತಟ್ಟಿ ಸಮೇತ ಇಡೀ ದೊಡ್ಡಿ ಹೊರಗೆ ನುಗ್ಗಿತು. ಸರ್ ಸೀಟಿ ಊದಿದರು. ಯಾವ ಕುರಿಯೂ ಸಾಲಿನಲ್ಲಿ ನಿಲ್ಲಲಿಲ್ಲ. ಧೂಳು ಕೆಳಗಿಳಿದಾಗ ಹ್ಯಾಟು ಒಂದು ಕಡೆ, ಹಾಳೆ ಒಂದು ಕಡೆ, ವಿಜ್ಞಾನ ಸಂಘ ತಟ್ಟಿಯನ್ನು ಅಪ್ಪಿಕೊಂಡು ನಡುವೆ. ಎಣಿಸಿದವು, ಎಣಿಸದವು ಎಲ್ಲ ಒಂದಾಗಿ ಗುಡ್ಡದ ಹಾದಿ ಹಿಡಿದಿದ್ದವು.

ತ್ರಿವೇಣಿ ನೆಲಕ್ಕೆ ಕೂತು ಬಿಕ್ಕಿದಳು. ಬಿಕ್ಕುತ್ತಲೇ ಬಿಳಿ ಬೊಟ್ಟಿನ ಮರಿಯ ಕಥೆ, ಮೂರು ವರ್ಷ ಗಂಟಲಲ್ಲಿದ್ದದ್ದು, ಹೊರಬಂತು.

ಮಾಯಪ್ಪ ಬಳಿ ಬಂದು ಆಕೆಯ ತಲೆಯ ಮೇಲೆ ಕೈಯಿಟ್ಟ. “ಸರ್, ಈಕೀನ್ನ ನಂಬಬ್ಯಾಡ್ರಿ. ಹದಿನಾಕ ದಿನಾ ಕೊಡಾ ಹೊತ್ತ ನೀರ ಅಳದಾಳ, ಈಕಿ ಭುಜಾ ನೋಡ್ರಿ ಬೇಕಾದ್ರ. ಸುಳ್ಳ ಹೇಳೂದು ಈ ಮನ್ಯಾಗ ನನ್ನ ಕೆಲಸ ಐತಿ, ಆಕೀದಲ್ಲ.” ಆಮೇಲೆ ಮೊಮ್ಮಗಳಿಗೆ, “ಹುಚ್ಚಿ, ಅದು ಹಾಲ ಕುಡೀತಿರಲಿಲ್ಲ. ನೀ ಎಣಸೂಕಿಂತ ಮೊದಲ ಅದರ ಆಸೆ ಬಿಟ್ಟಿದ್ದೆ” ಎಂದ.

ಅದು ಖರೆಯೋ, ಕೇಳಿದವರಿಗೆ ಒಂದೊಂದು ಹೇಳುವ ಆತನ ಲೆಕ್ಕಗಳಲ್ಲಿ ಒಂದೋ, ತ್ರಿವೇಣಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

“ಸರ್,” ಎಂದ ಮಾಯಪ್ಪ ಹ್ಯಾಟು ಝಾಡಿಸಿ ಕೊಡುತ್ತ, “ನಿಮ್ಮದು ಕಾಳಿನ ಅಂಗಡಿ ಯಾವ ಪ್ಯಾಟ್ಯಾಗ ಐತ್ರಿ?”

ಸರ್ ಬೆಚ್ಚಿದರು. “ರವಿವಾರ ಪ್ಯಾಟ್ಯಾಗ, ನಮ್ಮಪ್ಪಾರದು… ನಿಮಗ ಯಾರ ಹೇಳಿದ್ರು?”

“ನೀವ ಹೇಳಿದ್ರೆಲ್ಲ. ಒಂದ ಅನ್ನಲಿಲ್ಲ, ಲಾಭ ಅಂದ್ರಿ.”

“ನಾ? ಎಲ್ಲಿ ಅಂದ್ನಿ? ನಾ ವಿಜ್ಞಾನದ ಶಿಕ್ಷಕ!”

ರತ್ನಮಾಲಾ ಟೀಚರ್ ಫೋನು ಒತ್ತಿದರು. ಅದರೊಳಗಿಂದ ಮಹಾವೀರ ಸರ್ ದನಿ ಸ್ಪಷ್ಟವಾಗಿ ಬಂತು: ‘ಲಾಭ… ಎರಡ… ಮೂರ…’

ಸರ್ ಕಿವಿಗಳು ಕೆಂಪಾದವು. ಕಂಬಳಿಯ ಮೇಲೆ ಕೂತು, ತಣ್ಣಗಾದ ಚಹಾ ಎತ್ತಿಕೊಂಡರು. “ಜ್ವಾಳ ಅಳಿಯುವಾಗ ಮೊದಲನೇ ಮಾಪಿಗೆ ಒಂದ ಅನಬಾರದು, ಲಾಭ ಅನಬೇಕು ಅಂತ ನಮ್ಮಜ್ಜ ಕಲಿಸಿದ್ದು. ಸಣ್ಣಂವ ಇದ್ದಾಗ ಒಮ್ಮೆ ಒಂದ ಅಂದಿದ್ದಕ್ಕ ಇಡೀ ಚೀಲ ತಿರುಗಿ ಅಳಿಸಿದ್ರು.”

“ಒಂದ ಅಂದ್ರ ಏನಾಕ್ಕೈತ್ರಿ ಸರ್?” ಎಂದರು ಟೀಚರ್, ಬಹಳ ಮುಗ್ಧವಾಗಿ.

“ಏನಾಕ್ಕೈತಿ? ಏನೂ ಆಗಂಗಿಲ್ಲ.” ಒಂದು ಗುಟುಕು ಚಹಾ ಕುಡಿದು, “ಮತ್ತ ಎಂದೂ ಅಂದು ನೋಡಿಲ್ಲ” ಎಂದರು.

ಹೊರಡುವಾಗ ತ್ರಿವೇಣಿಗೆ ಹೇಳಿದ್ದು ಇಷ್ಟೇ: “ಸೋಮವಾರ ನೋಡೂಣು.” ನೋಡೂಣು ಎಂಬ ಮಾತಿನಷ್ಟು ಭಯಂಕರವಾದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಆಕೆ ಕ್ಷಮಾಪಣೆಯನ್ನು ಮೂರು ಬಾರಿ ಬರೆದು ಹರಿದಳು. ‘ನಾನು ಸುಳ್ಳು ಅಂಕಿ ಬರೆದೆ’ ಎಂಬುದೇ ಈಗ ಸುಳ್ಳಾಗಿತ್ತು.

ಸೋಮವಾರ ಪ್ರಾರ್ಥನೆ ಮುಗಿಯಿತು. ಸುದ್ದಿ ಓದಿದರು, ಸುಭಾಷಿತ ಹೇಳಿದರು. ತ್ರಿವೇಣಿ ಮೈಕನ್ನು ಹಾವಿನ ಹೆಡೆ ನೋಡುವಂತೆ ನೋಡುತ್ತ ನಿಂತಿದ್ದಳು. ಹೆಡ್‌ಮಾಸ್ತರರು ಕೆಮ್ಮಿದರು. ಆಕೆಯ ಹೆಸರು ಬರಲಿಲ್ಲ. ಹೆಸರು ಬರದಿದ್ದಾಗ ಹೆದರಿಕೆ ಇಮ್ಮಡಿಸಿತು. ಕರೆದಿದ್ದರೆ ಅಷ್ಟೊತ್ತಿಗೆ ಮುಗಿದಾದರೂ ಹೋಗುತ್ತಿತ್ತು. ಎರಡನೆಯ ತಾಸಿಗೆ ಸ್ಟಾಫ್ ರೂಮಿನಿಂದ ಕರೆ ಬಂತು.

ಸರ್ ಮುಂದೆ ಎರಡೂ ಫೈಲುಗಳಿದ್ದವು. ನಲವತ್ತಮೂರು, ಅರವತ್ತೊಂದು, ಎರಡರ ಮೇಲೂ ಕೆಂಪು ಗೆರೆ.

“ಜಿಲ್ಲಾ ಪ್ರದರ್ಶನಕ್ಕ ಸೃಷ್ಟಿದು ಹೃದಯ ಹೊಂಟೈತಿ” ಎಂದರು ಸರ್, ಮುಖ ಎತ್ತದೆ. “ನಿಂದು ಹೋಗಂಗಿಲ್ಲ. ಭಾಗಿಸಾಕ ಅಂಕಿ ಇಲ್ಲಂದ ಮ್ಯಾಲ ಉತ್ತರಾ ಇಲ್ಲ. ಅದು ನಿಯಮ. ಕ್ಷಮಾಪಣಿನೂ ಬ್ಯಾಡ. ಆದ್ರ ಈ ‘ಬಹಳಷ್ಟು ಜ್ಞಾನ ದೊರೆಯಿತು’ ಅನ್ನೂದನ್ನ ತಗದು, ಅನಿಸಿಕಿ ಹೊಸದಾಗಿ ಬರಿ. ಇಲ್ಲೇ ಕುಂತ ಬರಿ. ಎರಡಕ್ಕೂ ಒಂದ ನಡೀತೈತಿ.”

ತ್ರಿವೇಣಿ ಬರೆದಳು.

‘ನಮ್ಮ ಕುರಿಗಳು ಒಟ್ಟು ದಿನಕ್ಕೆ ನೂರಾ ಎಪ್ಪತ್ತೆರಡು ಲೀಟರ್ ನೀರು ಕುಡಿಯುತ್ತವೆ. ಇದನ್ನು ನಾನು ಅಳೆದಿದ್ದೇನೆ. ಕುರಿಗಳು ಎಷ್ಟು ಎಂಬುದು ನನಗೆ ಗೊತ್ತಿಲ್ಲ. ಅಜ್ಜನಿಗೆ ಅವುಗಳ ಮುಖ ಗೊತ್ತಿದೆ. ವಿಜ್ಞಾನದ ಪ್ರಾಜೆಕ್ಟಿಗೆ ಸಂಖ್ಯೆ ಬೇಕು, ಸಮಾಜದ ಪ್ರಾಜೆಕ್ಟಿಗೆ ಅಜ್ಜ ಬೇಕು. ನಾನು ಅಜ್ಜನನ್ನೇ ಸಂಖ್ಯೆ ಕೇಳಿದ್ದು ತಪ್ಪಾಯಿತು. ಎಣಿಸಿದರೆ ಕುರಿ ಸಾಯುವುದಿಲ್ಲ ಎಂದು ನನಗೆ ಗೊತ್ತಿದೆ. ಆದರೂ ಹೆದರಿಕೆ ಇದೆ. ಹದಿನಾರರ ತನಕ ಎಣಿಸಿದ್ದಾರೆ.’

ಸರ್ ಎರಡು ಸಲ ಓದಿದರು. ಕೊನೆಯ ಸಾಲಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು.

“ಹದಿನಾರ ಅಲ್ಲ, ಹದಿನೈದ” ಎಂದರು ಮೆಲ್ಲಗೆ, ಅತ್ತ ಇತ್ತ ನೋಡಿ. “ಲಾಭ ಅಂದದ್ದು ಲೆಕ್ಕಕ್ಕ ಬರಂಗಿಲ್ಲ.”

ಇದು ತಪ್ಪು ಲೆಕ್ಕ ಎಂದು ತ್ರಿವೇಣಿಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು. ಅವರು ಜೇಬಿನಿಂದ ಠಸೆ ತೆಗೆದು, ಕುರಿಗಳ ಸಂಖ್ಯೆ ಹೊಡೆದು ಹಾಕಿದ ಖಾಲಿ ಜಾಗದ ಮೇಲೆ ಬಲವಾಗಿ ಒತ್ತಿದರು: ಪರಿಶೀಲಿಸಲಾಗಿದೆ.

ಅಂದಿನಿಂದ ತ್ರಿವೇಣಿ ಪ್ರತಿ ಸಂಜೆ ಖಾನಾಪುರಕ್ಕೆ ಫೋನು ಹಚ್ಚುತ್ತಾಳೆ. ಮೊದಲ ರಿಂಗಿಗೆ ಎತ್ತದಿದ್ದರೆ ಕಡಿದು ಮತ್ತೆ ಹಚ್ಚುತ್ತಾಳೆ.

“ಅಜ್ಜಾ, ಎಲ್ಲಾ ಅದಾವಿಲ್ಲೋ?”

ಆ ಕಡೆ ಮಾಯಪ್ಪ ದೊಡ್ಡಿಯ ಕಡೆ ತಿರುಗಿ ಒಂದೊಂದೇ ಮುಖ ನೋಡುತ್ತಾನೆ. ಆ ಹೊತ್ತು ಬಹಳ ಉದ್ದ.

“ಇದ್ದಷ್ಟೂ ಅದಾವ ನೋಡವಾ” ಎನ್ನುತ್ತಾನೆ. “ಕೆಂಚಿ ಈದೈತಿ. ಮರಿ ಎಷ್ಟ ಅಂತ ಮಾತ್ರ ಕೇಳಬ್ಯಾಡ.”

ತ್ರಿವೇಣಿ ಕೇಳುವುದಿಲ್ಲ.